ಹೋಗಿ ಬಂದ ಮೇಲೆ ಬರುವ ದುಡ್ಡು

ಆ ಪತ್ರವನ್ನು ನಾನು ಮೂರು ಸಲ ಓದಿದೆ. ಮೊದಲ ಸಲ ನನ್ನ ಹೆಸರು ಮಾತ್ರ ಕಂಡಿತು. ಎರಡನೇ ಸಲ ಮೊತ್ತ ಕಂಡಿತು. ಮೂರನೇ ಸಲ ಓದುವಾಗ ಕೊನೆಯ ಪ್ಯಾರಾದಲ್ಲಿ ಸುಮ್ನೆ ಮುದುರಿ ಕೂತಿದ್ದ ಒಂದು ಸಾಲು ಕಣ್ಣಿಗೆ ಬಿತ್ತು. ಪ್ರವಾಸ ಮುಗಿದ ಮೇಲೆ ಮೂಲ ರಶೀದಿಗಳನ್ನು ಒಪ್ಪಿಸಿದರೆ ಹಣ ಮರುಪಾವತಿಯಾಗುತ್ತದೆ.

ಆಗ ನಾನು ಎಂ.ಎ. ಎರಡನೇ ವರ್ಷದಲ್ಲಿದ್ದೆ. ಕೋರ್ಸ್ ಮೂರು ವಾರದ್ದು, ಬೇರೆ ದೇಶದಲ್ಲಿ. ಹಳೆಯ ಕಾಗದಗಳನ್ನು ಹಾಳಾಗದಂತೆ ಉಳಿಸಿಕೊಳ್ಳುವುದು ಹೇಗೆ ಅನ್ನುವುದು ವಿಷಯ. ಗ್ರಾಂಟ್ ಸಿಕ್ಕಿದೆ ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಾಗಿತ್ತು. ಈಗ ನೋಡಿದರೆ ಟಿಕೆಟ್ ನಾನೇ ತೆಗೆಯಬೇಕು, ವೀಸಾಕ್ಕೆ ನಾನೇ ಕಟ್ಟಬೇಕು, ಇನ್ಶೂರೆನ್ಸ್ ನಾನೇ ಮಾಡಿಸಬೇಕು, ಅಲ್ಲಿ ರೂಮಿಗೆ ನಾನೇ ಮುಂಗಡ ಕಳಿಸಬೇಕು. ಆಮೇಲೆ ಅವರು ಕೊಡುತ್ತಾರೆ. ಅಂದರೆ ಗ್ರಾಂಟ್ ತೆಗೆದುಕೊಳ್ಳಬೇಕಾದರೆ ಮೊದಲು ನನ್ನ ಹತ್ತಿರ ಅಷ್ಟು ದುಡ್ಡು ಇರಬೇಕು. ಅಷ್ಟು ದುಡ್ಡು ಇದ್ದಿದ್ದರೆ ನಾನು ಅರ್ಜಿ ಯಾಕೆ ಹಾಕುತ್ತಿದ್ದೆ, ಅಲ್ವಾ?

ಅಕ್ಕ ಕೊಟ್ಟಳು. ಅವಳಿಗೆ ಆಗ ಹೊಸದಾಗಿ ಕೆಲಸ ಸಿಕ್ಕಿತ್ತು. "ಯಾವಾಗ ವಾಪಸ್ ಕೊಡ್ತೀಯ?" ಅಂತ ಒಂದೇ ಒಂದು ಸಲ ಕೇಳಿದಳು. ನಾನು "ಬಂದ ತಿಂಗಳೊಳಗೆ" ಅಂದೆ. ಆ ಮಾತು ಉಳಿಸಿಕೊಳ್ಳಲು ಆಗಲಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ಸೀಟು ಮೊದಲು ನನಗೆ ಬಂದಿದ್ದಲ್ಲ. ನಾನು ಕಾಯುವ ಪಟ್ಟಿಯಲ್ಲಿದ್ದೆ. ಮೊದಲು ಆಯ್ಕೆಯಾಗಿದ್ದವನು ನನ್ನ ಸಹಪಾಠಿ. ನನಗಿಂತ ಚೆನ್ನಾಗಿ ಓದುತ್ತಿದ್ದ, ಕೈಬರಹದ ಹಳೆಯ ದಾಖಲೆಗಳ ಹುಚ್ಚು ಇದ್ದವನು. ಒಂದು ವಾರದ ಮೇಲೆ ಅವನು "ಮನೆಯಲ್ಲಿ ಕೆಲಸ ಇದೆ, ಹೋಗಲ್ಲ" ಅಂದುಬಿಟ್ಟ. ಎಂಥ ಅವಕಾಶ ಬಿಟ್ಟೆಯೋ ಮಾರಾಯ ಅಂತ ಎಲ್ಲರೂ ಬೈದರು. ನಾನು ಬೈಯಲಿಲ್ಲ, ಯಾಕೆಂದರೆ ಒಳಗೊಳಗೇ ಖುಷಿಯಾಗಿತ್ತು.

ಆಗ ನನಗೆ ಹೊಳೆಯದೇ ಇದ್ದ ಲೆಕ್ಕ ಈಗ ತುಂಬ ಸರಳವಾಗಿ ಕಾಣುತ್ತದೆ. ಮೂರು ವಾರಕ್ಕೆ ಹೋದರೂ ವಿಮಾನದ ಟಿಕೆಟ್ ಅಷ್ಟೇ, ಎರಡು ವರ್ಷಕ್ಕೆ ಹೋದರೂ ಅಷ್ಟೇ. ವೀಸಾದ ಓಡಾಟವೂ ಹೆಚ್ಚು ಕಡಿಮೆ ಅಷ್ಟೇ. ವರ್ಷಗಟ್ಟಲೆ ಓದಲು ಹೋದವರು ಅಲ್ಲಿ ಹಂಚಿಕೊಂಡು ಇರುವ ಮನೆ ಹುಡುಕಬಹುದು, ಸಣ್ಣಪುಟ್ಟ ಕೆಲಸ ಮಾಡಬಹುದು, ಎಲ್ಲಿ ಏನು ಅಗ್ಗ ಅಂತ ಕಲಿತುಕೊಳ್ಳಬಹುದು. ಮೂರು ವಾರದವರಿಗೆ ಅದು ಯಾವುದೂ ಇಲ್ಲ. ಅಗ್ಗದ ಅಂಗಡಿ ಯಾವುದು ಅಂತ ಗೊತ್ತಾಗುವ ಹೊತ್ತಿಗೆ ವಾಪಸ್ ಹೊರಡುವ ದಿನ ಬಂದಿರುತ್ತದೆ. ಒಟ್ಟು ಮೊತ್ತ ಚಿಕ್ಕದು ನಿಜ, ಆದರೆ ದಿನದ ಲೆಕ್ಕದಲ್ಲಿ ಚಿಕ್ಕ ಕೋರ್ಸೇ ದುಬಾರಿ. ಅದರಲ್ಲೂ ಖರ್ಚಿನ ದೊಡ್ಡ ಭಾಗ ಮೊದಲ ತರಗತಿಗೆ ಮುಂಚೆಯೇ ಮುಗಿದಿರುತ್ತದೆ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿರುವ ಯೋಜನೆಗಳೂ ಇವೆ. ವಿದ್ಯಾರ್ಥಿಗಳು ಬೇರೆ ದೇಶಕ್ಕೆ ಹೋಗಿ ಓದಲು ಹಣ ಕೊಡುವ ಯುರೋಪಿನ ಎರಾಸ್ಮಸ್ ಪ್ಲಸ್ ಯೋಜನೆ ನೋಡಿ. ಅದರಲ್ಲಿ ಈಗ 5 ದಿನದಿಂದ 30 ದಿನದವರೆಗಿನ ಚಿಕ್ಕ ಭೇಟಿಗಳಿಗೂ ಜಾಗ ಇದೆ. ಹಲವು ದೇಶಗಳ ವಿಶ್ವವಿದ್ಯಾಲಯಗಳು ಸೇರಿ ಇಂಥ ಚಿಕ್ಕ ಕೋರ್ಸ್ ನಡೆಸುತ್ತವೆ. ಸ್ವಲ್ಪ ಭಾಗ ಆನ್‌ಲೈನ್‌ನಲ್ಲಿ, ಸ್ವಲ್ಪ ಭಾಗ ಅಲ್ಲಿಗೇ ಹೋಗಿ. 2024ರ ನಿಯಮಗಳ ಪ್ರಕಾರ ಮೊದಲ 14 ದಿನಕ್ಕೆ ದಿನಕ್ಕೆ 79 ಯೂರೊ, 15ರಿಂದ 30ನೇ ದಿನದವರೆಗೆ ದಿನಕ್ಕೆ 56 ಯೂರೊ. ಅಂದರೆ 21 ದಿನದ ಕೋರ್ಸ್‌ಗೆ 1,498 ಯೂರೊ. ಹಣಕಾಸಿನ ಅಥವಾ ಬೇರೆ ಅಡಚಣೆ ಇರುವವರಿಗೆ ಇದರ ಮೇಲೆ 100 ಅಥವಾ 150 ಯೂರೊ, ಎಷ್ಟು ದಿನ ಅನ್ನುವುದರ ಮೇಲೆ. ಮೊದಲ ದಿನಗಳ ದರ ಜಾಸ್ತಿ ಇಟ್ಟಿದ್ದಾರೆ ನೋಡಿ, ಅಲ್ಲಿ ಯಾರೋ ಲೆಕ್ಕ ಗೊತ್ತಿದ್ದವರು ಕೂತಿದ್ದಾರೆ ಅನಿಸುತ್ತದೆ.

ನನಗೆ ಮೊತ್ತಕ್ಕಿಂತ ಇಷ್ಟವಾಗುವುದು ಅದರ ಇನ್ನೊಂದು ಗುಣ. ಅದು ದಿನದ ಲೆಕ್ಕ, ಬಿಲ್ಲಿನ ಲೆಕ್ಕ ಅಲ್ಲ. ನೀವು ಆ ದಿನ ಎಲ್ಲಿ ಊಟ ಮಾಡಿದಿರಿ, ಯಾವ ಬಸ್ಸು ಹತ್ತಿದಿರಿ ಅಂತ ಚೀಟಿ ಕೇಳುವುದಿಲ್ಲ. ನೀವು ಹೋಗಿದ್ದಿರಿ, ಕೋರ್ಸ್ ಮಾಡಿದಿರಿ ಅನ್ನುವುದಕ್ಕೆ ಅಲ್ಲಿನ ವಿಶ್ವವಿದ್ಯಾಲಯ ಕೊಟ್ಟ ಕಾಗದ ಸಾಕು. ಹಣವನ್ನೂ ಸಾಮಾನ್ಯವಾಗಿ ದೊಡ್ಡ ಪಾಲು ಮೊದಲೇ ಅಥವಾ ಹೋದ ಹೊಸದರಲ್ಲೇ ಕೊಟ್ಟು, ಉಳಿದದ್ದನ್ನು ವಾಪಸ್ ಬಂದು ವರದಿ ತುಂಬಿದ ಮೇಲೆ ಕೊಡುತ್ತಾರೆ. ಎಷ್ಟು ಮೊದಲು, ಎಷ್ಟು ಆಮೇಲೆ ಅನ್ನುವುದು ಕಳಿಸುವ ವಿಶ್ವವಿದ್ಯಾಲಯದ ಮೇಲೆ ಬಿಟ್ಟದ್ದು. ಹಾಗಾಗಿ ಒಂದೇ ಯೋಜನೆಯಲ್ಲಿ ಒಬ್ಬರಿಗೆ ಸಲೀಸು, ಇನ್ನೊಬ್ಬರಿಗೆ ಪರದಾಟ.

ನನ್ನ ಕಥೆ ಬಿಲ್ಲಿನ ಲೆಕ್ಕದ್ದು. ವಾಪಸ್ ಬಂದವಳೇ ಎಲ್ಲ ಚೀಟಿಗಳನ್ನು ದಿನಾಂಕದ ಪ್ರಕಾರ ಅಂಟಿಸಿ ಕೊಟ್ಟೆ. ಬೋರ್ಡಿಂಗ್ ಪಾಸ್‌ನ ಮೂಲ ಪ್ರತಿ ಬೇಕು ಅಂದರು. ಅದನ್ನು ನಾನು ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಿದ್ದೆ, ಎರಡು ತುಂಡಾಗಿತ್ತು. ಹರಿದ ಕಾಗದವನ್ನು ಗುರುತೇ ಸಿಗದಂತೆ ಜೋಡಿಸುವುದನ್ನು ಮೂರು ವಾರ ಕಲಿತು ಬಂದವಳು ನಾನು. ಜೋಡಿಸಿ ಕೊಟ್ಟೆ. ಹರಿದಿದೆ, ನಡೆಯುವುದಿಲ್ಲ ಅಂದರು. ವಿಮಾನ ಕಂಪನಿಗೆ ಬರೆದು, ನಾನು ಪ್ರಯಾಣ ಮಾಡಿದ್ದು ನಿಜ ಅಂತ ಪತ್ರ ತರಿಸಿ, ಅದರ ಮೇಲೆ ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ, ಹಣ ಕೈಗೆ ಬರುವಷ್ಟರಲ್ಲಿ ಐದು ತಿಂಗಳಾಗಿತ್ತು. ಅಕ್ಕ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಕೊಡುವವರಿಗೂ ಅವರದೇ ಭಯ ಇದೆ, ಅದು ಈಗ ನನಗೆ ಗೊತ್ತು. ದುಡ್ಡು ಮೊದಲೇ ಕೊಟ್ಟು ಹುಡುಗ ಹೋಗದೇ ಇದ್ದರೆ? ವೀಸಾ ಸಿಗದಿದ್ದರೆ? ಲೆಕ್ಕ ಪರಿಶೋಧಕರು ಬಂದು ಕೇಳಿದರೆ ಉತ್ತರ ಯಾರು ಹೇಳುವುದು? ಸರಿ. ಆದರೆ ಆ ಭಯದ ಭಾರವನ್ನೆಲ್ಲ ಇಪ್ಪತ್ತೊಂದು ವರ್ಷದವರ ತಲೆಗೆ ಕಟ್ಟುವುದು ಯಾವ ನ್ಯಾಯ? ಆನೆ ಕೊಟ್ಟು ಅಂಕುಶಕ್ಕೆ ಜಗಳ ಆಡಿದ ಹಾಗೆ. ಫೀಸು ಮಾಫಿ, ರೂಮು ಉಚಿತ ಅಂತ ಆನೆಯಂಥ ಆನೆಯನ್ನೇ ಕೊಡುತ್ತಾರೆ. ವೀಸಾ ಶುಲ್ಕ, ಇನ್ಶೂರೆನ್ಸ್, ಪಾಸ್‌ಪೋರ್ಟ್ ಅಂತ ಬಂದಾಗ ಅದು ನಿಮ್ಮ ಜವಾಬ್ದಾರಿ ಅನ್ನುತ್ತಾರೆ. ಎಷ್ಟೋ ಜನ ನಿಂತುಬಿಡುವುದು ಆ ಅಂಕುಶದ ಹತ್ತಿರವೇ. ಬ್ರಿಟನ್ 2021ರಲ್ಲಿ ಶುರು ಮಾಡಿದ ಟ್ಯೂರಿಂಗ್ ಯೋಜನೆಯಲ್ಲಿ ಹಿಂದುಳಿದ ಹಿನ್ನೆಲೆಯ ವಿದ್ಯಾರ್ಥಿಗಳಿಗೆ ಪಾಸ್‌ಪೋರ್ಟ್, ವೀಸಾ, ಇನ್ಶೂರೆನ್ಸ್ ಖರ್ಚನ್ನೂ ಸೇರಿಸಿದ್ದು ನನಗೆ ಇದಕ್ಕೇ ಮೆಚ್ಚುಗೆ. ಆದರೆ ಅದೇ ಯೋಜನೆ ಶುರುವಾದಾಗ ವಿಶ್ವವಿದ್ಯಾಲಯದವರಿಗೆ ಕನಿಷ್ಠ ನಾಲ್ಕು ವಾರ ಅಂತ ಇಟ್ಟಿದ್ದರು. ನನ್ನಂಥ ಮೂರು ವಾರದವರು ಆಗ ಅಲ್ಲಿ ಲೆಕ್ಕಕ್ಕೇ ಇರಲಿಲ್ಲ.

ಈ ಕನಿಷ್ಠ ದಿನಗಳ ವಿಷಯ ಒಂದು ತಲೆನೋವು. ಜರ್ಮನಿಯ ಡಾಡ್ (DAAD) ಸಂಸ್ಥೆ ಅಲ್ಲಿನ ವಿಶ್ವವಿದ್ಯಾಲಯಗಳ ಬೇಸಿಗೆ ಕೋರ್ಸ್‌ಗಳಿಗೆ ಸ್ಕಾಲರ್‌ಶಿಪ್ ಕೊಡುತ್ತಾ ಬಂದಿದೆ. ಕೋರ್ಸ್ ಕಡಿಮೆ ಅಂದರೆ 18 ದಿನದ್ದಾಗಿರಬೇಕು ಅಂತ ನಿಯಮ ಇಟ್ಟಿತ್ತು. ಎರಡು ವಾರದ ಕೋರ್ಸ್ ನೋಡಿ ಆಸೆ ಪಟ್ಟರೆ ಉಪಯೋಗವಿಲ್ಲ. ಬೇಸಿಗೆಯಲ್ಲಿ ಕೋರ್ಸ್ ಅಂತ ಬೇಸಿಗೆಯಲ್ಲಿ ಹುಡುಕಲು ಕೂತರೂ ಉಪಯೋಗವಿಲ್ಲ. ಇಂಥ ಎಷ್ಟೋ ಅರ್ಜಿಗಳ ಗಡುವು ಹಿಂದಿನ ಚಳಿಗಾಲದಲ್ಲೇ ಮುಗಿದಿರುತ್ತದೆ.

ವೀಸಾ ಬಗ್ಗೆ ಒಂದು ವಿಷಯ ಹೇಳಲೇಬೇಕು, ಇದು ನನಗೇ ತಡವಾಗಿ ಗೊತ್ತಾಗಿದ್ದು. ಷೆಂಗೆನ್ ದೇಶಗಳಿಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳಿಗೆ, 90 ದಿನದೊಳಗಿನ ಭೇಟಿಗೆ ಬೇಕಾದ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ ಆಗಿದೆ. ಆದರೆ ಓದು ಅಥವಾ ತರಬೇತಿಗೆ ಹೋಗುವ ವಿದ್ಯಾರ್ಥಿಗಳಿಗೆ ಆ ಶುಲ್ಕ ಇಲ್ಲ ಅಂತ ಅವರ ವೀಸಾ ಸಂಹಿತೆಯಲ್ಲೇ ಇದೆ. ಜತೆಗೆ ಹೋಗುವ ಮೇಷ್ಟ್ರಿಗೂ ಇಲ್ಲ. ಕೇಳಿದವರಿಗೆ ಸಿಗುತ್ತದೆ, ಕೇಳದವರು ಕಟ್ಟಿ ಬರುತ್ತಾರೆ. ಅರ್ಜಿ ತೆಗೆದುಕೊಳ್ಳುವ ಮಧ್ಯವರ್ತಿ ಕೇಂದ್ರಗಳ ಸೇವಾ ಶುಲ್ಕ ಬೇರೆ, ಅದು ಇದ್ದೇ ಇರುತ್ತದೆ. ಇನ್ಶೂರೆನ್ಸ್ ಕನಿಷ್ಠ 30,000 ಯೂರೊದ್ದು ಬೇಕು. ಅರ್ಜಿಯನ್ನು ಆರು ತಿಂಗಳು ಮೊದಲಿನಿಂದ ಕೊಡಬಹುದು, 15 ದಿನಕ್ಕಿಂತ ಕಡಿಮೆ ಇದ್ದರೆ ಕಷ್ಟ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗುತ್ತದೆ, ಕೆಲವೊಮ್ಮೆ 45 ದಿನದವರೆಗೂ ಎಳೆಯಬಹುದು. ಅಲ್ಲಿ ಇರಲು ನಿಮ್ಮ ಹತ್ತಿರ ದುಡ್ಡಿದೆ ಅಂತಲೂ ತೋರಿಸಬೇಕು. "ಹೋಗಿ ಬಂದ ಮೇಲೆ ಕೊಡುತ್ತೇವೆ" ಅನ್ನುವ ಪತ್ರ ಹಿಡಿದುಕೊಂಡು ಆ ಕೌಂಟರಿನ ಮುಂದೆ ನಿಂತು ನೋಡಿ. ಖಾಲಿ ಪಾಸ್‌ಬುಕ್ಕಿಗೆ ಬಂಗಾರದ ರಟ್ಟು ಹಾಕಿದ ಹಾಗಿರುತ್ತದೆ.

"ಪೂರ್ಣ ಸ್ಕಾಲರ್‌ಶಿಪ್" ಅನ್ನುವ ಮಾತಿನ ಬಗ್ಗೆಯೂ ನನಗೆ ತಕರಾರಿದೆ. ಎಷ್ಟೋ ಬೇಸಿಗೆ ಶಾಲೆಗಳಲ್ಲಿ ಅದರ ಅರ್ಥ ಬರೀ ಫೀಸು ಮಾಫಿ. ನಿಮ್ಮ ಕೈಗೆ ಒಂದು ಪೈಸೆಯೂ ಬರುವುದಿಲ್ಲ. ತಪ್ಪೇನಿಲ್ಲ, ಆದರೆ ಹಾಗಂತ ಹೇಳಬೇಕು. ಇನ್ನು ಕೆಲವು ಕಡೆ ಕೋರ್ಸೇ ಅನುಮಾನದ್ದು. ಯಾವುದೋ ಹೋಟೆಲಿನ ಹಾಲ್‌ನಲ್ಲಿ ಐದು ದಿನ ಭಾಷಣ, ಕೊನೆಗೆ ಚಿನ್ನದ ಅಂಚಿನ ಸರ್ಟಿಫಿಕೇಟು, ಮಧ್ಯೆ ಎರಡು ದಿನ ಊರು ಸುತ್ತಾಟ. ಶೇಕಡಾ 50 ಗ್ರಾಂಟ್ ಅಂತ ಬೇರೆ ಕೊಡುತ್ತಾರೆ, ಬಟ್ಟೆ ಅಂಗಡಿಯ ರಿಯಾಯಿತಿಯ ಹಾಗೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಕ್ರೆಡಿಟ್ ಎಷ್ಟು, ಅದನ್ನು ಕೊಡುವವರು ಯಾರು? ಯುರೋಪಿನ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಕೆಲಸ, ಪಾಠ ಮತ್ತು ಮನೆಗೆಲಸ ಎಲ್ಲ ಸೇರಿ. 3 ಕ್ರೆಡಿಟ್ ಅಂದರೆ 75ರಿಂದ 90 ಗಂಟೆ. ಹಿಂದೆಮುಂದೆ ಆನ್‌ಲೈನ್ ಪಾಠವೂ ಇಲ್ಲದೆ ಐದೇ ದಿನದಲ್ಲಿ 6 ಕ್ರೆಡಿಟ್ ಕೊಡುತ್ತೇವೆ ಅಂದರೆ, ಅಲ್ಲಿ ಗಡಿಯಾರ ಬೇರೆ ಥರ ಓಡುತ್ತದೆ ಅಂತ ಅರ್ಥ.

ಕ್ರೆಡಿಟ್ ಅಂದಾಗ ನನಗೆ ಸೋಫಿಯಾ ಕೊರಾಡಿ ನೆನಪಾಗುತ್ತಾರೆ. ರೋಮ್‌ನಲ್ಲಿ ಕಾನೂನು ಓದುತ್ತಿದ್ದ ಹುಡುಗಿ. ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿ ತೌಲನಿಕ ಕಾನೂನಿನಲ್ಲಿ ಮಾಸ್ಟರ್ಸ್ ಮುಗಿಸಿ 1958ರಲ್ಲಿ ಹಿಂತಿರುಗಿದರು. ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಅಂತ ಅವರ ವಿಶ್ವವಿದ್ಯಾಲಯದವರು ಸಾಗಹಾಕಿದರು. ಆ ಸಿಟ್ಟನ್ನು ಅವರು ಮರೆಯಲಿಲ್ಲ. ವಿದ್ಯಾರ್ಥಿ ಹೊರದೇಶದಲ್ಲಿ ಓದಿದ್ದು ಅವನ ಊರಿನಲ್ಲೂ ಲೆಕ್ಕಕ್ಕೆ ಬರಬೇಕು ಅಂತ ವರ್ಷಗಟ್ಟಲೆ ಓಡಾಡಿದರು, ಬರೆದರು, ಬೇಡಿದರು. ಕೊನೆಗೆ ಎರಾಸ್ಮಸ್ ಶುರುವಾಗಿದ್ದು 1987ರಲ್ಲಿ, 11 ದೇಶಗಳ 3,244 ವಿದ್ಯಾರ್ಥಿಗಳೊಂದಿಗೆ. ಜನ ಕೊರಾಡಿಯವರನ್ನು ಮಮ್ಮಾ ಎರಾಸ್ಮಸ್ ಅಂತಲೇ ಕರೆದರು.

ನನ್ನ ಮೂರು ವಾರಕ್ಕೆ ಕ್ರೆಡಿಟ್ ಹಾಳಾಗಿ ಹೋಗಲಿ, ನಮ್ಮ ವಿಶ್ವವಿದ್ಯಾಲಯದಿಂದ ಹಾಜರಾತಿ ಕೊರತೆ ಅಂತ ನೋಟಿಸ್ ಬಂತು. ಅವರೇ ಶಿಫಾರಸು ಪತ್ರ ಕೊಟ್ಟು ಕಳಿಸಿದ್ದು! ನಾನು ಹೊರಡುವ ಮುಂಚೆ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಬೇಕಿತ್ತು. ಯಾವ ಕೋರ್ಸ್, ಎಷ್ಟು ಗಂಟೆ, ಇಲ್ಲಿ ಯಾವ ವಿಷಯದ ಬದಲಿಗೆ, ಎಲ್ಲಕ್ಕೂ ಸಹಿ. ಎರಾಸ್ಮಸ್‌ನವರು ಇದನ್ನು ಕಲಿಕಾ ಒಪ್ಪಂದ ಅನ್ನುತ್ತಾರೆ. ನಾನು ಬಾಯಿಮಾತು ನಂಬಿದೆ.

ಈಗ ನಾನು ಮೇಜಿನ ಆ ಕಡೆ ಕೂರುತ್ತೇನೆ. ಪಾಠ ಮಾಡುವುದು ನನ್ನ ಕೆಲಸ, ವರ್ಷಕ್ಕೊಮ್ಮೆ ಇಂಥ ಅರ್ಜಿಗಳನ್ನು ಓದುವ ಸಮಿತಿಯಲ್ಲೂ ಇದ್ದೇನೆ. ಹತ್ತರಲ್ಲಿ ಎಂಟು ಅರ್ಜಿಗಳಲ್ಲಿ "ಜಾಗತಿಕ ದೃಷ್ಟಿಕೋನ" ಅಂತ ಇರುತ್ತದೆ. ಆ ಎರಡು ಪದಗಳನ್ನು ಕಂಡರೆ ನನ್ನ ಕಣ್ಣು ತಾನಾಗಿ ಮುಂದಿನ ಸಾಲಿಗೆ ಜಾರುತ್ತದೆ. ನನ್ನನ್ನು ಹಿಡಿದು ನಿಲ್ಲಿಸುವುದು ಸಣ್ಣ ಸಂಗತಿಗಳು. ಕೋರ್ಸಿನ ಎರಡನೇ ವಾರದಲ್ಲಿ ಏನು ಹೇಳಿಕೊಡುತ್ತಾರೆ ಅಂತ ಓದಿಕೊಂಡು, ಅದು ತನ್ನ ಯಾವ ಕೆಲಸಕ್ಕೆ ಬೇಕು ಅಂತ ಬರೆದ ಹುಡುಗಿ. ಆ ಉಪಕರಣ ಇಲ್ಲಿ ಇಲ್ಲ, ಅದಕ್ಕೇ ಹೋಗುತ್ತಿದ್ದೇನೆ ಅಂತ ಎರಡೇ ಸಾಲು ಬರೆದ ಹುಡುಗ. ಬಂದ ಮೇಲೆ ಏನು ಮಾಡುತ್ತೀರಿ ಅನ್ನುವುದನ್ನೂ ಬಹಳ ಜನ ಕೊನೆಯಲ್ಲಿ ಹೇಗೋ ತುಂಬಿಸಿರುತ್ತಾರೆ. ಅಮೆರಿಕದಲ್ಲಿ 2000ರ ಕಾಯ್ದೆಯಿಂದ ಹುಟ್ಟಿದ ಗಿಲ್ಮನ್ ಸ್ಕಾಲರ್‌ಶಿಪ್‌ನಲ್ಲಿ ಅದೂ ಮುಖ್ಯ. ಅದು ಪೆಲ್ ಗ್ರಾಂಟ್ ಪಡೆಯುವ, ಅಂದರೆ ಹಣಕಾಸಿನ ತೊಂದರೆ ಇರುವ ವಿದ್ಯಾರ್ಥಿಗಳಿಗೆ ಮಾತ್ರ, 5,000 ಡಾಲರ್‌ವರೆಗೆ. ವಾಪಸ್ ಬಂದು ಆರು ತಿಂಗಳೊಳಗೆ ಒಂದು ಸೇವಾ ಕೆಲಸ ಮಾಡಬೇಕು, ಅದು ಏನು ಅಂತ ಅರ್ಜಿಯಲ್ಲೇ ಹೇಳಬೇಕು. ಬಡವರಿಗೆ ಅಂತಲೇ ಮಾಡಿದ ಯೋಜನೆಯಲ್ಲಿ ಮತ್ತೆ ಋಣ ತೀರಿಸು ಅನ್ನುವುದು ಸರಿಯಾ ಅಂತ ಒಂದು ಕಾಲದಲ್ಲಿ ನನಗೆ ಅನಿಸುತ್ತಿತ್ತು. ಈಗ ಅಷ್ಟು ಅನಿಸುವುದಿಲ್ಲ. ಅವರು ಕೇಳುವುದು ಕೆಲಸ, ರಶೀದಿ ಅಲ್ಲ.

ಹೋದ ವರ್ಷ ಸಂದರ್ಶನದ ಕೊನೆಯಲ್ಲಿ ಒಬ್ಬ ಹುಡುಗಿಗೆ "ನಿಮ್ಮ ಪ್ರಶ್ನೆ ಏನಾದರೂ ಇದೆಯಾ?" ಅಂತ ಕೇಳಿದೆವು. ಎಲ್ಲರೂ ಸಾಮಾನ್ಯವಾಗಿ ಇಲ್ಲ ಅನ್ನುತ್ತಾರೆ, ಅಥವಾ ಕೋರ್ಸ್ ಬಗ್ಗೆ ಒಂದು ಒಳ್ಳೆಯ ಪ್ರಶ್ನೆ ತಯಾರು ಮಾಡಿಕೊಂಡು ಬಂದಿರುತ್ತಾರೆ. ಇವಳು "ದುಡ್ಡು ಯಾವಾಗ ಬರುತ್ತದೆ ಮೇಡಂ?" ಅಂದಳು. ಅವಳು ಹೋದ ಮೇಲೆ ನನ್ನ ಪಕ್ಕದಲ್ಲಿದ್ದ ಹಿರಿಯರು ನಕ್ಕರು. "ಇನ್ನೂ ಆಯ್ಕೆಯೇ ಆಗಿಲ್ಲ, ಆಗಲೇ ದುಡ್ಡಿನ ಯೋಚನೆ" ಅಂದರು. ನನಗೆ ನಗು ಬರಲಿಲ್ಲ. ಆ ದಿನ ಕೇಳಿದ ಪ್ರಶ್ನೆಗಳಲ್ಲೆಲ್ಲ ಓದಿಕೊಂಡು ಬಂದವಳ ಪ್ರಶ್ನೆ ಅದೊಂದೇ. ಅವಳು ನಮ್ಮ ಪ್ರಕಟಣೆಯ ಕೊನೆಯ ಪ್ಯಾರಾವನ್ನು ಮೊದಲ ಸಲಕ್ಕೇ ಓದಿದ್ದಳು.

ಆಮೇಲೆ ಸಮಿತಿಯಲ್ಲಿ ಜಗಳವೇ ಆಯಿತು ಅನ್ನಿ. ಟಿಕೆಟ್‌ಅನ್ನು ನಾವೇ ನೇರವಾಗಿ ತೆಗೆದುಕೊಡೋಣ, ಉಳಿದದ್ದರಲ್ಲಿ ಮುಕ್ಕಾಲು ಪಾಲು ಹೊರಡುವ ಮುಂಚೆ ಕೊಡೋಣ ಅಂದೆ. ನಿಯಮ ಬದಲಾಗಬೇಕಾದರೆ ಮೂರು ಮೀಟಿಂಗ್ ಬೇಕಾಯಿತು. ಟಿಕೆಟ್ ಮಾತ್ರ ಒಪ್ಪಿದರು. ಮುಂಗಡ ಇನ್ನೂ "ಪರಿಶೀಲನೆಯಲ್ಲಿದೆ". ಆ ಹುಡುಗಿ ಹೋಗಿ ಬಂದಳು.

ಈ ಸುದ್ದಿಯನ್ನು ನನ್ನ ಹಳೆಯ ಸಹಪಾಠಿಗೆ ಫೋನಿನಲ್ಲಿ ಹೇಳಿದೆ. ವರ್ಷಕ್ಕೆ ಒಂದೆರಡು ಸಲ ಮಾತಾಡುತ್ತೇವೆ. ಅವನು ಈಗ ಬೇರೆಯೇ ಕೆಲಸದಲ್ಲಿದ್ದಾನೆ, ಹಳೆಯ ಕಾಗದಗಳ ಸಹವಾಸ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಮನೆಯಲ್ಲಿ ಕೆಲಸ ಏನೂ ಇರಲಿಲ್ಲ ಕಣೇ" ಅಂದ. "ಟಿಕೆಟಿಗೆ ಮೂರು ಕಡೆ ಸಾಲ ಕೇಳಿದ್ದೆ. ಸಿಗಲಿಲ್ಲ."

ನಾನು ಏನು ಹೇಳಬೇಕು ಅಂತ ತೋಚದೆ ಕೂತಿದ್ದೆ. ಅವನೇ ಮಾತು ತಿರುಗಿಸಿದ. "ಅಲ್ಲಾ, ಅಲ್ಲಿ ಏನು ಹೇಳಿಕೊಟ್ಟರು? ನೀನು ಒಂದು ದಿನವೂ ಹೇಳಲೇ ಇಲ್ಲ."

ನಿಜ, ಹೇಳಿರಲಿಲ್ಲ. ಶುರು ಮಾಡಿದೆ. ಹರಿದ ಅಂಚನ್ನು ಕತ್ತರಿಸಿ ನೇರ ಮಾಡಬಾರದು, ಎದ್ದ ನಾರು ನಾರಿನ ಮೇಲೇ ಕೂರಬೇಕು. ಹಿಂದೆ ಹಚ್ಚುವ ಪಟ್ಟಿ ಕೋಜೊ ಗಿಡದ ನಾರಿನ ಜಪಾನಿ ಕಾಗದದ್ದು. ಅದನ್ನೂ ಕತ್ತರಿಯಲ್ಲಿ ಕತ್ತರಿಸುವುದಿಲ್ಲ, ನೀರಿನ ಗೆರೆ ಎಳೆದು ಕೈಯಲ್ಲೇ ಹರಿಯುತ್ತಾರೆ. ಅಂಟು ಗೋಧಿ ಪಿಷ್ಟದ್ದು, ಯಾಕೆಂದರೆ ನಾಳೆ ಯಾರಿಗಾದರೂ ಬಿಚ್ಚಬೇಕು ಅನಿಸಿದರೆ ಸ್ವಲ್ಪ ತೇವ ಮಾಡಿದರೆ ಬಿಟ್ಟುಕೊಳ್ಳಬೇಕು. ಎಷ್ಟು ತೆಳ್ಳಗೆ ಹಚ್ಚಬೇಕು ಅಂತ ಕೈಗೆ ಗೊತ್ತಾಗಲು ನನಗೆ ಆರು ದಿನ ಹಿಡಿಯಿತು.

"ಆರು ದಿನಾನಾ? ಆಮೇಲೆ?" ಅಂದ.